ಹೊನ್ನಾಳಿಯಿಂದ ನೇರ ಪಶ್ಚಿಮಕ್ಕೆ

ಕರ್ನಾಟಕದ ನಕ್ಷೆಯ ಮೇಲೆ ಹೊನ್ನಾಳಿಗೆ ಪೆನ್ಸಿಲ್ ತುದಿ ಊರಿ, ಅಳತೆಪಟ್ಟಿ ಇಟ್ಟು ಎಡಕ್ಕೆ ನೇರವಾಗಿ ಗೆರೆ ಎಳೆಯಿರಿ. ಗೆರೆ ಘಟ್ಟ ದಾಟಿ ಹೊನ್ನಾವರದ ಹತ್ತಿರ ಕಡಲಿಗೆ ಇಳಿಯುತ್ತದೆ. ಹೊನ್ನಾಳಿ ಇರುವುದು ಸುಮಾರು 14 ಡಿಗ್ರಿ 14 ನಿಮಿಷದ ಉತ್ತರ ಅಕ್ಷಾಂಶದಲ್ಲಿ, ಹೊನ್ನಾವರ 14 ಡಿಗ್ರಿ 17 ನಿಮಿಷದಲ್ಲಿ. ಚನ್ನಗಿರಿಯಿಂದ ಎಳೆದ ಗೆರೆ ಭಟ್ಕಳದ ಬಳಿ ನೀರು ಮುಟ್ಟುತ್ತದೆ. ನ್ಯಾಮತಿಯದು ಮುರ್ಡೇಶ್ವರಕ್ಕಿಂತ ತುಸು ಮೇಲೆ, ಜಗಳೂರಿನದು ಹೆಚ್ಚುಕಡಿಮೆ ಗೋಕರ್ಣದಲ್ಲಿ. ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕು ಕೇಂದ್ರಗಳೂ ಉತ್ತರ ಕನ್ನಡದ ಕರಾವಳಿಯ ನೇರಕ್ಕೇ ಕೂತಿವೆ. ಹೊನ್ನಾಳಿಯಿಂದ ಹೊನ್ನಾವರಕ್ಕೆ ಕಾಗೆ ಹಾರುವ ದಾರಿ ಸುಮಾರು 130 ಕಿಲೋಮೀಟರ್, ನಾವಿಕರ ಲೆಕ್ಕದಲ್ಲಿ 70 ನಾಟಿಕಲ್ ಮೈಲಿ.

ಇಷ್ಟು ಹತ್ತಿರವಿದ್ದೂ ನಮ್ಮ ಕಡೆಯ ಹೈಸ್ಕೂಲು ಮಕ್ಕಳಿಗೆ ಕಡಲು ಎಂದರೆ ಶೈಕ್ಷಣಿಕ ಪ್ರವಾಸದಲ್ಲಿ ಮೊಣಕಾಲಷ್ಟು ನೀರಿಗೆ ಇಳಿದು ಫೋಟೊ ತೆಗೆಸಿಕೊಂಡು ಬರುವ ಜಾಗ. ದೋಣಿ ನಡೆಸುವುದು, ಗಾಳಿ ಓದುವುದು, ದಿಕ್ಕು ಹಿಡಿಯುವುದೆಲ್ಲ ಕರಾವಳಿಯಲ್ಲಿ ಹುಟ್ಟಿದವರ ಸ್ವತ್ತು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಇದು ತಪ್ಪು ಎಂದು ತೋರಿಸುವುದಕ್ಕೇ ಈ ವಾರದ ಅಂಕಣ. ನೌಕಾವಿದ್ಯೆಯ ಅರ್ಧ ಪಾಠ ಹೊಳೆ, ಕೆರೆ, ಆಕಾಶ ಮತ್ತು ಒಂದು ಹಾಳೆ ಕಾಗದದ ಮೇಲೆ ಕಲಿಯುವಂಥದ್ದು. ಅದನ್ನು ನಮ್ಮೂರಲ್ಲೇ ಕಲಿಸಬಹುದು. ಉಳಿದರ್ಧಕ್ಕೆ ಕಡಲೇ ಬೇಕು. ಅದಕ್ಕಾಗಿ ಮಕ್ಕಳನ್ನು ಕರಾವಳಿಯ ತರಬೇತಿ ಯಾನಕ್ಕೆ ಕಳಿಸಬೇಕು.

ಆಕಾಶದಿಂದಲೇ ಶುರು ಮಾಡೋಣ. ಧ್ರುವನಕ್ಷತ್ರ ದಿಗಂತದಿಂದ ಎಷ್ಟು ಡಿಗ್ರಿ ಎತ್ತರದಲ್ಲಿ ಕಾಣುತ್ತದೋ ನೀವು ನಿಂತಿರುವ ಜಾಗದ ಅಕ್ಷಾಂಶ ಹೆಚ್ಚುಕಡಿಮೆ ಅಷ್ಟೇ. ವ್ಯತ್ಯಾಸ ಒಂದು ಡಿಗ್ರಿಯನ್ನೂ ಮೀರುವುದಿಲ್ಲ. ಕೈಯನ್ನು ಪೂರ್ತಿ ಮುಂದೆ ಚಾಚಿ ಮುಷ್ಟಿ ಹಿಡಿದರೆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ನಡುವಿನ ಮೂರು ಬೆರಳು ಸೇರಿದರೆ 5 ಡಿಗ್ರಿ. ಜಗಳೂರಿನ ಬಯಲಿನಲ್ಲಿ, ಮರ ಗುಡ್ಡ ಅಡ್ಡ ಬರದ ಕಡೆ ಉತ್ತರಕ್ಕೆ ಮುಖ ಮಾಡಿ ನಿಂತರೆ ಧ್ರುವ ಸಿಗುವುದು ದಿಗಂತದ ಮೇಲೆ ಒಂದು ಮುಷ್ಟಿ, ಅದರ ಮೇಲೆ ಮೂರು ಬೆರಳು. ಹೊನ್ನಾವರದ ಮೀನುಗಾರನಿಗೆ ಕಾಣುವ ಎತ್ತರವೂ ಅದೇ. ಕೊಚ್ಚಿಗೆ ಹೋದರೆ ಬರೀ ಒಂದು ಮುಷ್ಟಿ, ಮುಂಬಯಿಯಲ್ಲಿ ಹತ್ತಿರ ಹತ್ತಿರ ಎರಡು. ದಿಕ್ಸೂಚಿ ಬಳಕೆಗೆ ಬರುವ ಮುಂಚೆಯೂ ಅರಬ್ಬೀ ಸಮುದ್ರದ ನಾವಿಕರು ಈ ಎತ್ತರ ನೋಡಿಕೊಂಡೇ ತಾವು ಸೇರಬೇಕಾದ ಬಂದರಿನ ನೇರಕ್ಕೆ ಬರುತ್ತಿದ್ದರು, ಆಮೇಲೆ ಆ ನೇರ ತಪ್ಪದಂತೆ ದಡದತ್ತ ಸಾಗುತ್ತಿದ್ದರು. ಅದಕ್ಕೆ ಅವರು ಬಳಸುತ್ತಿದ್ದ ಸಾಧನ ಗಂಟು ಹಾಕಿದ ದಾರ ಮತ್ತು ಒಂದು ಮರದ ಬಿಲ್ಲೆ. ಗಂಟನ್ನು ಹಲ್ಲಿನಲ್ಲಿ ಕಚ್ಚಿ ಬಿಲ್ಲೆಯನ್ನು ದಾರದುದ್ದಕ್ಕೆ ಮುಂದೆ ಹಿಡಿದರೆ, ಬಿಲ್ಲೆಯ ಕೆಳ ಅಂಚು ದಿಗಂತಕ್ಕೂ ಮೇಲಂಚು ನಕ್ಷತ್ರಕ್ಕೂ ತಾಗಬೇಕು. ಒಂದೊಂದು ಬಂದರಿಗೆ ಒಂದೊಂದು ಗಂಟು. ಶಾಲೆಯ ವಿಜ್ಞಾನ ಮೇಷ್ಟ್ರು ಇದನ್ನು ರಟ್ಟಿನಲ್ಲಿ ಒಂದು ಸಂಜೆಗೆ ಮಾಡಿಸಬಹುದು.

ನಾಟಿಕಲ್ ಮೈಲಿಯೂ ಇದೇ ಅಕ್ಷಾಂಶದ ಮಗು. ಅಕ್ಷಾಂಶದ ಒಂದು ಡಿಗ್ರಿಗೆ 60 ನಿಮಿಷ. ಒಂದು ನಿಮಿಷದಷ್ಟು ಉತ್ತರಕ್ಕೋ ದಕ್ಷಿಣಕ್ಕೋ ಸರಿದರೆ ಒಂದು ನಾಟಿಕಲ್ ಮೈಲಿ, ಅಂದರೆ 1,852 ಮೀಟರ್. ಗಂಟೆಗೆ ಒಂದು ನಾಟಿಕಲ್ ಮೈಲಿ ಸಾಗಿದರೆ ಆ ವೇಗ ಒಂದು ನಾಟ್. ಚನ್ನಗಿರಿಗೂ ಜಗಳೂರಿಗೂ ಅಕ್ಷಾಂಶದಲ್ಲಿ ಸುಮಾರು 30 ನಿಮಿಷ ವ್ಯತ್ಯಾಸ. ಆದ್ದರಿಂದ ಜಗಳೂರು ಚನ್ನಗಿರಿಗಿಂತ 30 ನಾಟಿಕಲ್ ಮೈಲಿ ಉತ್ತರಕ್ಕಿದೆ. 5 ನಾಟ್ ವೇಗದ ಹಾಯಿದೋಣಿಗೆ ಅದು ಆರು ಗಂಟೆಯ ದಾರಿ. ನಾವಿಕನ ಗಣಿತ ಬಹುಪಾಲು ಇಷ್ಟೇ ಸರಳ. ಕಷ್ಟವಿರುವುದು ನೀರು ಸುಮ್ಮನಿರದೆ ತಾನೂ ಚಲಿಸುತ್ತದೆ ಎಂಬಲ್ಲಿ.

ಚಲಿಸುವ ನೀರಿನ ಪಾಠಕ್ಕೆ ಹೊನ್ನಾಳಿ, ನ್ಯಾಮತಿ ಸೀಮೆಯ ಅಂಬಿಗರಿಗಿಂತ ಒಳ್ಳೆಯ ಗುರುಗಳನ್ನು ನಾನು ಕಾಣೆ. ಕೂಡ್ಲಿಯಲ್ಲಿ ತುಂಗೆಯೂ ಭದ್ರೆಯೂ ಸೇರಿ ಹರಿದು ಬರುವ ಹೊಳೆಯನ್ನು ಹರಿಗೋಲಿನಲ್ಲಿ ದಾಟಿಸುವವರು ಅವರು. ಬಿದಿರ ಸೀಳುಗಳನ್ನು ಬುಟ್ಟಿಯಂತೆ ಹೆಣೆದು, ಹಿಂದೆ ಚರ್ಮ, ಈಗ ತಾಡಪಾಲು ಹೊದಿಸಿ ಡಾಂಬರು ಬಳಿದ ಈ ದೋಣಿಗೆ ಮೂತಿಯೂ ಇಲ್ಲ, ಚುಕ್ಕಾಣಿಯೂ ಇಲ್ಲ. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಇದೇ ತುಂಗಭದ್ರೆಯಲ್ಲಿ ಇಂಥ ಚರ್ಮದ ಹೊದಿಕೆಯ ದುಂಡು ದೋಣಿಗಳನ್ನು ಕಂಡು, ಅವು ಗಿರಗಿರ ಸುತ್ತುತ್ತ ಸಾಗುವುದನ್ನು ಬರೆದಿಟ್ಟಿದ್ದಾನೆ. ಸುತ್ತುವ ದೋಣಿಯನ್ನು ನೇರ ನಡೆಸುವುದರಲ್ಲೇ ಅಂಬಿಗನ ಕೈಚಳಕವಿದೆ. ಹುಟ್ಟನ್ನು ಅವನು ಪಕ್ಕದಲ್ಲಿ ಹಾಕುವುದಿಲ್ಲ. ಹೋಗಬೇಕಾದ ಕಡೆಗೆ, ತನ್ನ ಎದುರಿಗೇ ಹಾಕಿ ನೀರನ್ನು ತನ್ನತ್ತ ಸೆಳೆದುಕೊಳ್ಳುತ್ತಾನೆ. ಸೆಳೆತದ ಕೊನೆಯಲ್ಲಿ ಮಣಿಕಟ್ಟನ್ನು ಚೂರು ತಿರುಗಿಸಿ ಹುಟ್ಟಿನ ಅಲಗನ್ನು ಓರೆ ಮಾಡುತ್ತಾನೆ. ಸುತ್ತು ಅಲ್ಲೇ ನಿಲ್ಲುತ್ತದೆ.

ಅವನು ಹೊರಡುವ ಜಾಗವನ್ನೂ ಗಮನಿಸಬೇಕು. ಎದುರು ದಡದ ಮೆಟ್ಟಿಲು ತಲುಪಬೇಕಾದರೆ ಈ ದಡದ ಮೆಟ್ಟಿಲಿನಿಂದ ಅವನು ಹೊರಡುವುದೇ ಇಲ್ಲ. ದಡದುದ್ದಕ್ಕೆ ಹರಿಗೋಲನ್ನು ಮೇಲಕ್ಕೆ ಎಳೆದುಕೊಂಡು ಹೋಗಿ ಅಲ್ಲಿಂದ ನೀರಿಗೆ ಬಿಡುತ್ತಾನೆ. ಹೊಳೆ 300 ಮೀಟರ್ ಅಗಲ, ಹರಿಗೋಲಿನ ವೇಗ ಸೆಕೆಂಡಿಗೆ ಒಂದು ಮೀಟರ್, ಹರಿವಿನ ವೇಗ ಅರ್ಧ ಮೀಟರ್ ಎಂದುಕೊಳ್ಳಿ. ದಾಟಲು 300 ಸೆಕೆಂಡು, ಅಷ್ಟರಲ್ಲಿ ಹೊಳೆ ದೋಣಿಯನ್ನು 150 ಮೀಟರ್ ಕೆಳಗೆ ಒಯ್ದಿರುತ್ತದೆ. ಆದ್ದರಿಂದ 150 ಮೀಟರ್ ಮೇಲಿನಿಂದ ಹೊರಡಬೇಕು. ಅಂಬಿಗ ಕಾಗದದ ಮೇಲೆ ಗುಣಿಸುವುದಿಲ್ಲ, ತೇಲಿಬರುವ ಎಲೆಯನ್ನೋ ನೊರೆಯನ್ನೋ ನೋಡುತ್ತಾನೆ. ಕಡಲಿನಲ್ಲಿ ನಾವಿಕ ಮಾಡುವುದೂ ಇದನ್ನೇ. ಪಶ್ಚಿಮಕ್ಕೆ 5 ನಾಟ್ ವೇಗದಲ್ಲಿ ಹೊರಟಾಗ ತೆಂಕಣಕ್ಕೆ 1 ನಾಟ್ ಪ್ರವಾಹವಿದ್ದರೆ, ಎರಡು ಗಂಟೆಯ ಹೊತ್ತಿಗೆ ದೋಣಿ 2 ಮೈಲಿ ತೆಂಕಣಕ್ಕೆ ಜಾರಿರುತ್ತದೆ. ದಿಕ್ಸೂಚಿ ಮಾತ್ರ ಇಡೀ ದಾರಿ ಪಶ್ಚಿಮ ಎಂದೇ ತೋರಿಸುತ್ತಿರುತ್ತದೆ. ಅದನ್ನಷ್ಟೇ ನಂಬಿ ಕುಳಿತವನು ಬಂಡೆಗೆ ಬಡಿಯುತ್ತಾನೆ.

ಈ ಲೆಕ್ಕವನ್ನು ನಿತ್ಯದ ರೂಢಿಯಾಗಿಸುವುದೇ ತರಬೇತಿ ಯಾನದ ಕೆಲಸ. ಅಲ್ಲಿ ಮಕ್ಕಳ ಕೈಗೆ ಮೊದಲು ಬರುವುದು ಚಾರ್ಟ್, ಅಂದರೆ ಕಡಲ ನಕ್ಷೆ. ನಾವು ಶಾಲೆಯಲ್ಲಿ ಕಂಡ ನಕ್ಷೆಗೆ ಇದು ತಿರುಗುಮುರುಗು. ನೆಲದ ಭಾಗ ಬಹುತೇಕ ಖಾಲಿ. ನೀರಿನ ತುಂಬ ಅಂಕಿಗಳು. ಒಂದೊಂದು ಅಂಕಿಯೂ ಆ ಜಾಗದ ಆಳ. ಬಂಡೆಗೊಂದು ಗುರುತು, ಮುಳುಗಿದ ಹಡಗಿಗೊಂದು ಗುರುತು, ಕೆಸರೋ ಮರಳೋ ಎಂದು ಹೇಳಲು ಒಂದಕ್ಷರ. ನಮ್ಮ ದೇಶದ ಈ ಚಾರ್ಟ್‌ಗಳೆಲ್ಲ ಸಿದ್ಧವಾಗುವುದು ಡೆಹ್ರಾಡೂನಿನ ರಾಷ್ಟ್ರೀಯ ಹೈಡ್ರೋಗ್ರಾಫಿಕ್ ಕಚೇರಿಯಲ್ಲಿ. ಹಿಮಾಲಯದ ಬುಡದಲ್ಲಿ ಕೂತು ಕಡಲ ಆಳ ಬರೆಯುವವರಿರುವಾಗ ಚನ್ನಗಿರಿಯ ಮಕ್ಕಳು ಅದನ್ನು ಓದುವುದರಲ್ಲಿ ಆಶ್ಚರ್ಯವೇನಿದೆ?

ಕಾರವಾರದ ಹೊರಗೆ ದೋಣಿಯಲ್ಲಿ ಇದ್ದೇವೆ ಎಂದುಕೊಳ್ಳಿ. ‘ನಾವು ಈಗ ಎಲ್ಲಿದ್ದೇವೆ?’ ಎಂದು ತರಬೇತುದಾರ ಕೇಳುತ್ತಾನೆ. ಕಲಿಯುವ ಹುಡುಗಿ ಕೈದಿಕ್ಸೂಚಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ದೇವಗಡ ದ್ವೀಪದ ದೀಪಸ್ತಂಭದತ್ತ ಹಿಡಿಯುತ್ತಾಳೆ. ದೋಣಿ ಅಲುಗುತ್ತಿರುವುದರಿಂದ ಅಂಕಿ ನಿಲ್ಲುವುದಿಲ್ಲ. 26, 33, 29. ಆ ಓಲಾಟದ ನಡುವಿನ ಅಂಕಿಯನ್ನು ಹಿಡಿಯಬೇಕು: ಸುಮಾರು 30 ಡಿಗ್ರಿ. ಆಮೇಲೆ ಅಂಜದೀವ್ ದ್ವೀಪದತ್ತ: 97 ಡಿಗ್ರಿ. ದಿಕ್ಸೂಚಿಯ ಉತ್ತರಕ್ಕೂ ನಕ್ಷೆಯ ಉತ್ತರಕ್ಕೂ ಇರುವ ಸಣ್ಣ ಅಂತರ ಕಳೆದೋ ಕೂಡಿಯೋ, ಚಾರ್ಟ್ ಮೇಲೆ ದೀಪಸ್ತಂಭದಿಂದ ಒಂದು ಗೆರೆ, ದ್ವೀಪದಿಂದ ಇನ್ನೊಂದು ಗೆರೆ ಎಳೆಯುತ್ತಾಳೆ. ಎರಡೂ ಕೂಡುವ ಕಡೆ ನಾವಿದ್ದೇವೆ. ಮೂರನೆಯ ಗುರುತೊಂದು ಸಿಕ್ಕಿ ಮೂರನೇ ಗೆರೆ ಎಳೆದರೆ ಅದು ಸಾಮಾನ್ಯವಾಗಿ ಅದೇ ಬಿಂದುವಿಗೆ ಬರುವುದಿಲ್ಲ, ಪುಟ್ಟ ತ್ರಿಕೋನ ಉಳಿಯುತ್ತದೆ. ತ್ರಿಕೋನ ಎಷ್ಟು ದೊಡ್ಡದೋ ನಮ್ಮ ಅನುಮಾನ ಅಷ್ಟು ದೊಡ್ಡದು. ಆಗ ತ್ರಿಕೋನದ ಯಾವ ಮೂಲೆ ಅಪಾಯಕ್ಕೆ ಹತ್ತಿರವೋ ನಾವು ಅಲ್ಲೇ ಇದ್ದೇವೆಂದು ತಿಳಿದು ದೋಣಿ ನಡೆಸಬೇಕು. ತನ್ನ ಅಳತೆಯಲ್ಲಿ ಎಷ್ಟು ತಪ್ಪಿರಬಹುದು ಎಂಬುದನ್ನೂ ಅಳೆದು, ಅದನ್ನು ಲೆಕ್ಕಕ್ಕೆ ಹಿಡಿಯುವ ಈ ಅಭ್ಯಾಸ ನಮ್ಮ ಪಾಠಶಾಲೆಗಳಲ್ಲಿ ಅಪರೂಪ. ಇಡೀ ನೌಕಾವಿದ್ಯೆಯಲ್ಲಿ ನನಗೆ ಅತಿ ಹಿಡಿಸಿದ ಭಾಗವೂ ಇದೇ.

ದಡ ಕಾಣದಷ್ಟು ಮಂಜು ಕವಿದರೆ? ಅದಕ್ಕೆ ಹಳೆಯ ಉಪಾಯ ಸೀಸದ ಗುಂಡು. ಗುರುತು ಹಾಕಿದ ಹಗ್ಗಕ್ಕೆ ಗುಂಡು ಕಟ್ಟಿ ಇಳಿಬಿಟ್ಟರೆ ಎಷ್ಟು ಮಾರು ಆಳವೆಂದು ತಿಳಿಯುತ್ತದೆ. ಗುಂಡಿನ ತಳದಲ್ಲಿ ಒಂದು ಕುಳಿ. ಅದಕ್ಕೆ ಕೊಬ್ಬು ಮೆತ್ತಿರುತ್ತಾರೆ. ಮೇಲೆಳೆದಾಗ ಕೊಬ್ಬಿಗೆ ಮರಳು ಅಂಟಿದ್ದರೆ ಒಂದು ಜಾಗ, ಕೆಸರು ಅಂಟಿದ್ದರೆ ಇನ್ನೊಂದು, ಏನೂ ಅಂಟದಿದ್ದರೆ ಕೆಳಗಿರುವುದು ಬಂಡೆ. ಚಾರ್ಟಿನ ಅಕ್ಷರದೊಂದಿಗೆ ಹೋಲಿಸಿದರೆ ಕುರುಡಾಗಿಯೂ ಜಾಗ ಗುರುತಿಸಬಹುದು.

ಇದೆಲ್ಲವನ್ನೂ ಗಂಟೆಗಂಟೆಗೂ ಲಾಗ್ ಪುಸ್ತಕದಲ್ಲಿ ಬರೆಯಬೇಕು: ಹೊತ್ತು, ದಿಕ್ಕು, ವೇಗ, ಗಾಳಿ, ವಾಯುಭಾರ. ಕೆಲಸ ಪಾಳಿಯಲ್ಲಿ, ಸಾಮಾನ್ಯವಾಗಿ ನಾಲ್ಕು ಗಂಟೆಗೊಂದು ಪಾಳಿ. ಒಬ್ಬರು ಚುಕ್ಕಾಣಿ, ಒಬ್ಬರು ಕಾವಲು, ಒಬ್ಬರು ಚಾರ್ಟ್, ಒಬ್ಬರು ಅಡುಗೆ. ಹೊಟ್ಟೆ ತೊಳಸಿದವರು ಒಳಗೆ ಹೋಗಿ ಮಲಗಬಾರದು. ಮೇಲೆ ಗಾಳಿಗೆ ಬಂದು ದಿಗಂತ ನೋಡುತ್ತ ಕೂರಬೇಕು. ಚುಕ್ಕಾಣಿ ಹಿಡಿದವರಿಗೆ ಓಕರಿಕೆ ಕಡಿಮೆ, ಅದಕ್ಕೇ ಜಾಣ ತರಬೇತುದಾರರು ಅಂಥವರ ಕೈಗೇ ಚುಕ್ಕಾಣಿ ಕೊಡುತ್ತಾರೆ.

ಹೊಳೆಯವರಿಗೆ ಗೊತ್ತಿರದ, ಕಡಲೇ ಕಲಿಸಬೇಕಾದ ಸಂಗತಿ ಉಬ್ಬರ ಇಳಿತ. ತುಂಗಭದ್ರೆ ಒಂದೇ ಕಡೆ ಹರಿಯುತ್ತಾಳೆ. ಅದೂ ಹತ್ತಿರದ ಪಡುವಣ ಕಡಲಿಗೆ ಬೆನ್ನು ಹಾಕಿ, ಕೃಷ್ಣೆಯನ್ನು ಸೇರಿ ದೂರದ ಬಂಗಾಳ ಕೊಲ್ಲಿಗೆ. ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವ ಅಳಿವೆಯಲ್ಲಿ ಮಾತ್ರ ನೀರು ದಿನಕ್ಕೆ ಎರಡು ಸಲ ಒಳಗೆ ನುಗ್ಗುತ್ತದೆ, ಎರಡು ಸಲ ಹೊರಗೆ ಸರಿಯುತ್ತದೆ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ದಿನದಿನಕ್ಕೆ ಹೊತ್ತು 50 ನಿಮಿಷದಷ್ಟು ಹಿಂದೆ ಬೀಳುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದಾಗಿ ಏರಿಳಿತ ಜೋರು, ಅಷ್ಟಮಿಯ ಹೊತ್ತಿಗೆ ಸಪ್ಪೆ. ಏರುವ ವೇಗವೂ ಒಂದೇ ಸಮವಲ್ಲ. ಆರು ಗಂಟೆಯಲ್ಲಿ ನೀರು 1.8 ಮೀಟರ್ ಏರುತ್ತದೆ ಎಂದಿಟ್ಟುಕೊಂಡರೆ, ನಾವಿಕರ ರೂಢಿಯ ಸೂತ್ರದಂತೆ ಮೊದಲ ಗಂಟೆ 15 ಸೆಂಟಿಮೀಟರ್, ಎರಡನೆಯದರಲ್ಲಿ 30, ಮೂರು ನಾಲ್ಕರಲ್ಲಿ 45–45, ಮತ್ತೆ 30, ಕೊನೆಗೆ 15. ನಡುವಿನ ಎರಡು ಗಂಟೆಯಲ್ಲೇ ಅರ್ಧ ನೀರು ಬಂದುಬಿಡುತ್ತದೆ. ಹೊನ್ನಾವರದ ಅಳಿವೆಯಲ್ಲಿ ಮರಳದಿಬ್ಬ ಬೆಳೆದು ಮೀನುಗಾರಿಕೆ ಬೋಟುಗಳು ತಳ ತಾಗುವ ತೊಂದರೆ ಹಳೆಯದು. ಬೋಟು ನಡೆಸುವ ತಂಡೇಲರು ಉಬ್ಬರಕ್ಕೆ ಕಾದು ಒಳಗೆ ಬರುತ್ತಾರೆ. ಇಳಿತದ ಹರಿವು ಹೊರಗೆ ನುಗ್ಗುವಾಗ ಎದುರಿನಿಂದ ಪಡುಗಾಳಿ ಬೀಸಿದರೆ ಅಳಿವೆಯ ಬಾಯಲ್ಲಿ ಅಲೆಗಳು ಕಡಿದಾಗಿ ಏಳುತ್ತವೆ. ಆ ಹೊತ್ತಿನಲ್ಲಿ ಹೊಸಬರು ಅತ್ತ ತಲೆ ಹಾಕಲೇಬಾರದು.

ಗಾಳಿಗೂ ದಿನಚರಿ ಇದೆ. ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಏಳುತ್ತದೆ, ಕಡಲಿನ ತಂಪು ಗಾಳಿ ದಡಕ್ಕೆ ನುಗ್ಗುತ್ತದೆ. ರಾತ್ರಿ ನೆಲ ಬೇಗ ಆರುವುದರಿಂದ ಗಾಳಿ ತಿರುಗಿ ನೆಲದಿಂದ ಕಡಲಿಗೆ. ಹಾಯಿದೋಣಿಯ ಕಾಲದಲ್ಲಿ ಮೀನುಗಾರರು ನಸುಕಿನ ನೆಲಗಾಳಿಗೆ ಹೊರಟು ಮಧ್ಯಾಹ್ನದ ಕಡಲಗಾಳಿಗೆ ಮರಳುತ್ತಿದ್ದುದು ಇದೇ ಲೆಕ್ಕದಲ್ಲಿ. ಮಳೆಗಾಲ ಬಂತೆಂದರೆ ಈ ಲೆಕ್ಕ ಮುರಿಯುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್, ಜುಲೈ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧದ ತಿಂಗಳು, ಹಾಯಿ ಕಲಿಕೆಗೂ ರಜೆ.

ದಾರಿಯ ನಿಯಮಗಳು ಸುಲಭ. ಎದುರುಬದುರಾದರೆ ಇಬ್ಬರೂ ಬಲಕ್ಕೆ ತಿರುಗಬೇಕು. ಅಡ್ಡ ಬರುವಾಗ ಯಾರಿಗೆ ಇನ್ನೊಬ್ಬ ತನ್ನ ಬಲಗಡೆ ಕಾಣುತ್ತಾನೋ ಅವನು ದಾರಿ ಬಿಡಬೇಕು. ಸಾಮಾನ್ಯವಾಗಿ ಎಂಜಿನ್ ದೋಣಿ ಹಾಯಿಗೆ ದಾರಿ ಕೊಡಬೇಕು. ರಾತ್ರಿ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು.

ಗಂಟುಗಳ ವಿಷಯದಲ್ಲಿ ರೈತರ ಮಕ್ಕಳಿಗೆ ಅರ್ಧ ಕೆಲಸ ಆಗಲೇ ಆಗಿರುತ್ತದೆ. ನೀರಿಗೆ ಬಿದ್ದವರ ಕಂಕುಳಡಿ ಹಾಕಿ ಎಳೆಯುವ ಬೌಲೈನ್ ಗಂಟು ಎಷ್ಟು ಎಳೆದರೂ ಬಿಗಿಯಬಾರದು, ಭಾರ ತೆಗೆದೊಡನೆ ಬಿಚ್ಚಲು ಬರಬೇಕು. ಎತ್ತಿನ ಕೊರಳಿಗೆ ಜೀರುಗುಣಿಕೆ ಹಾಕದೆ ನಿಲ್ಲುಗಂಟು ಹಾಕುವ ಮನೆಯಲ್ಲಿ ಬೆಳೆದವರಿಗೆ ಇದರ ತತ್ವ ಬಿಡಿಸಿ ಹೇಳಬೇಕಾಗಿಲ್ಲ. ಅವರ ಕೈಗೆ ನೈಲಾನ್ ಹಗ್ಗದ ಜಾರುವಿಕೆಯೊಂದು ರೂಢಿಯಾಗಬೇಕು, ಅಷ್ಟೆ.

ಇನ್ನು ಹಗುರಾಗಿ ತೆಗೆದುಕೊಳ್ಳಲಾಗದ ಮಾತು. 2019ರ ಜನವರಿ 21ರಂದು ಕಾರವಾರದ ಬಳಿಯ ಕೂರ್ಮಗಡದ ನರಸಿಂಹ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. ಸತ್ತವರಲ್ಲಿ ನಮ್ಮ ಪಕ್ಕದ ಹಾವೇರಿ ಜಿಲ್ಲೆಯವರೂ ಇದ್ದರು, ಮಕ್ಕಳೂ ಇದ್ದರು. ನಮ್ಮಂತೆಯೇ ಬಯಲುಸೀಮೆಯಿಂದ ದೇವರ ದರ್ಶನಕ್ಕೆ ಹೋದವರು. ದೋಣಿ ಏಕೆ ಮಗುಚುತ್ತದೆ ಎಂಬುದನ್ನು ಪ್ರತಿಯೊಬ್ಬ ಪ್ರಯಾಣಿಕನೂ ತಿಳಿದಿರಬೇಕು. ಜನ ತಳದಲ್ಲಿ ಕೂತಾಗ ಭಾರದ ಕೇಂದ್ರ ಕೆಳಗಿರುತ್ತದೆ, ದೋಣಿ ವಾಲಿದರೂ ನೀರು ಅದನ್ನು ಮತ್ತೆ ನೆಟ್ಟಗೆ ಮಾಡುತ್ತದೆ. ಎದ್ದು ನಿಂತರೆ ಆ ಕೇಂದ್ರ ಮೇಲೇರುತ್ತದೆ. ಎಲ್ಲರೂ ಒಂದೇ ಮಗ್ಗುಲಿಗೆ ಸರಿದರೆ, ಅದೇ ಹೊತ್ತಿಗೆ ಅಲೆ ಮಗ್ಗುಲಿಗೆ ಬಡಿದರೆ, ನೆಟ್ಟಗಾಗುವ ಶಕ್ತಿ ಸೋಲುತ್ತದೆ. ಅಲೆಯನ್ನು ಮಗ್ಗುಲಿಗೆ ತೆಗೆದುಕೊಳ್ಳದೆ ದೋಣಿಯ ಮೂತಿ ಅದರತ್ತ ತಿರುಗಿಸುವುದು ನಡೆಸುವವನ ಕೆಲಸ. ಕೂತಲ್ಲೇ ಕೂರುವುದು ನಮ್ಮ ಕೆಲಸ. ‘ಕೂತ್ಕಳ್ರಪ್ಪ, ಯಾರೂ ಎದ್ದು ನಿಲ್ಬ್ಯಾಡ್ರಿ’ ಎಂದು ನಮ್ಮ ಅಂಬಿಗ ಗದರಿದಾಗ ಅವನು ಹೇಳುತ್ತಿರುವುದು ಈ ಭೌತಶಾಸ್ತ್ರವನ್ನೇ. ಲೈಫ್ ಜಾಕೆಟ್ ಇಲ್ಲದ ದೋಣಿ ಹತ್ತಬೇಡಿ, ದೇವರ ಕೆಲಸವೇ ಇರಲಿ, ಮದುವೆಯ ದಿಬ್ಬಣವೇ ಇರಲಿ.

ಜಗಳೂರಿನ ವಿಷಯಕ್ಕೆ ಇಲ್ಲಿ ಬರಲೇಬೇಕು. ಬರದ ಹೆಸರಿಗೇ ಗುರುತಾಗಿದ್ದ ತಾಲ್ಲೂಕಿಗೆ ಹರಿಹರ ತಾಲ್ಲೂಕಿನ ದೀಟೂರಿನಿಂದ ತುಂಗಭದ್ರೆಯ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆ ಬಂದಿದೆ. ವರ್ಷಗಟ್ಟಲೆ ಒಣಗಿ ಬಿರಿದಿದ್ದ ಕೆರೆಯಂಗಳದಲ್ಲಿ ಕ್ರಿಕೆಟ್ ಆಡಿದ ಮಕ್ಕಳ ಎದುರು ಈಗ ನೀರಿದೆ. ಇದಕ್ಕಿಂತ ಸಂತೋಷದ ಸಂಗತಿ ಇಲ್ಲ. ಆದರೆ ನೀರಿಲ್ಲದೆ ಬೆಳೆದ ಮಕ್ಕಳಿಗೆ ಈಜು ಬರುವುದಿಲ್ಲ, ಹೂಳು ತೆಗೆದ ಕಡೆ ಏಕಾಏಕಿ ಆಳವಾಗುತ್ತದೆಂದು ಗೊತ್ತಿರುವುದಿಲ್ಲ, ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡದ ಇಳಿಜಾರಿನಲ್ಲಿ ಕಾಲು ನಿಲ್ಲುವುದಿಲ್ಲವೆಂದೂ ಗೊತ್ತಿರುವುದಿಲ್ಲ. ಹೊಳೆದಂಡೆಯ ಹೊನ್ನಾಳಿಗಿಂತ ಜಗಳೂರಿಗೇ ಜಲಶಿಕ್ಷಣ ಮೊದಲು ಬೇಕು ಎಂದು ನಾನು ಹೇಳುವುದು ಅದಕ್ಕೆ.

ಮೊಬೈಲಿನಲ್ಲಿ ಜಿಪಿಎಸ್ ಇರುವಾಗ ಚಾರ್ಟ್, ನಕ್ಷತ್ರ ಏಕೆ ಎನ್ನುವವರಿಗೆ ಒಂದು ಮಾತು. ಜಿಪಿಎಸ್ ನೀವೆಲ್ಲಿದ್ದೀರಿ ಎನ್ನುತ್ತದೆ. ಇನ್ನರ್ಧ ಗಂಟೆಗೆ ಗಾಳಿ ಏನು ಮಾಡೀತು, ಅಳಿವೆಯ ದಿಬ್ಬ ಈ ವರ್ಷ ಎಲ್ಲಿಗೆ ಸರಿದಿದೆ ಎನ್ನುವುದಿಲ್ಲ. ಉಪ್ಪುನೀರು ತಾಗಿದರೆ ಅದೂ ಸುಮ್ಮನಾಗುತ್ತದೆ. ನೌಕಾಪಡೆಯ ನಿವೃತ್ತ ಅಧಿಕಾರಿ ಅಭಿಲಾಷ್ ಟಾಮಿ ಜಿಪಿಎಸ್ ಬಳಸಬಾರದೆಂಬ ನಿಯಮದ ಗೋಲ್ಡನ್ ಗ್ಲೋಬ್ ಪಂದ್ಯದಲ್ಲಿ, ಸೂರ್ಯ ನಕ್ಷತ್ರಗಳ ಎತ್ತರ ಅಳೆಯುವ ಸೆಕ್ಸ್ಟಂಟ್ ಮತ್ತು ಕಾಗದದ ಚಾರ್ಟ್ ಹಿಡಿದು ಒಂಟಿಯಾಗಿ ಭೂಮಿ ಸುತ್ತಿ 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಗುರಿ ಮುಟ್ಟಿದರು. 2018ರಲ್ಲಿ ಅದೇ ಪಂದ್ಯದಲ್ಲಿ ಬಿರುಗಾಳಿಗೆ ಸಿಕ್ಕಿ ಬೆನ್ನಿಗೆ ತೀವ್ರ ಪೆಟ್ಟಾಗಿದ್ದ ಮನುಷ್ಯ ಅವರು.

ಒಳನಾಡಿನ ಕೆರೆಯಿಂದ ಕಡಲಿಗೆ ಹೋದವರ ಕಥೆ ನಮ್ಮ ದೇಶದಲ್ಲೇ ಇದೆ. ಭಾರತೀಯರು ಮೊದಲ ಬಾರಿ ಹಾಯಿದೋಣಿಯಲ್ಲಿ ಭೂಮಿ ಸುತ್ತಿದ್ದು ಸೇನೆಯ ಎಂಜಿನಿಯರುಗಳ ‘ತೃಷ್ಣಾ’ದಲ್ಲಿ, 1985ರಿಂದ 1987ರ ನಡುವೆ. ಆ ಹೆಸರಿನ ಹಾಯಿದೋಣಿ ಕ್ಲಬ್ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಆಶ್ರಯದಲ್ಲಿ ಹಲಸೂರು ಕೆರೆಯಲ್ಲಿದೆ. ಇನ್ನೂ ಹತ್ತಿರದ ಉದಾಹರಣೆ ನೇಹಾ ಠಾಕೂರ್. ಸಮುದ್ರವೇ ಇಲ್ಲದ ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ರೈತರ ಮಗಳು. ಭೋಪಾಲದ ರಾಷ್ಟ್ರೀಯ ಹಾಯಿದೋಣಿ ಶಾಲೆಯಲ್ಲಿ, ಅಲ್ಲಿನ ಬಡಾ ತಾಲಾಬಿನ ನೀರಿನಲ್ಲಿ ಕಲಿತು, 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದಳು.

ಬಡಾ ತಾಲಾಬನ್ನು 11ನೇ ಶತಮಾನದಲ್ಲಿ ಭೋಜರಾಜ ಕಟ್ಟಿಸಿದ ಎನ್ನುತ್ತಾರೆ. ಚನ್ನಗಿರಿಯ ಸೂಳೆಕೆರೆಯೂ, ಅಂದರೆ ಶಾಂತಿಸಾಗರವೂ ಹೆಚ್ಚುಕಡಿಮೆ ಅದೇ ಕಾಲದ್ದು. ಎರಡು ಗುಡ್ಡಗಳ ನಡುವಿನ ಕಿರಿದಾದ ಸಂದಿಗೆ ಏರಿ ಹಾಕಿ ಹರಿದ್ರಾವತಿಯನ್ನು ತಡೆದ ಆ ಕೆರೆಯ ಹರವು ತುಂಬಿದಾಗ ಸುಮಾರು 27 ಚದರ ಕಿಲೋಮೀಟರ್. ಏರಿಯ ಮೇಲೆ ನಿಂತರೆ ಆಚೆ ದಡ ಮಸುಕಾಗಿ ಕಾಣುತ್ತದೆ. ಹಾಯಿ ಕಲಿಯಲು ಇದಕ್ಕಿಂತ ಬೇರೇನು ಬೇಕು? ಭೋಪಾಲಕ್ಕೆ ಸಾಧ್ಯವಾದದ್ದು ಚನ್ನಗಿರಿಗೆ ಸಾಧ್ಯವಾಗದಿರಲು ಭೂಗೋಳ ಕಾರಣವಲ್ಲ.

ಇತ್ತೀಚಿನ ಒಂದು ಘಟನೆ ನಮ್ಮ ಭಾಗದವರಿಗೆ ಇನ್ನಷ್ಟು ಹತ್ತಿರದ್ದು. 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆ ‘ಕೌಂಡಿನ್ಯ’ ಎಂಬ ಹಡಗನ್ನು ಸೇರಿಸಿಕೊಂಡಿತು. ಅಜಂತದ ಚಿತ್ರವೊಂದನ್ನು ಆಧರಿಸಿ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಹಡಗು ಅದು. ಎಂಜಿನ್ ಇಲ್ಲ, ಇಂದಿನ ಚುಕ್ಕಾಣಿ ಇಲ್ಲ. ಚೌಕ ಹಾಯಿ ಮತ್ತು ದಿಕ್ಕು ತಿರುಗಿಸುವ ಹುಟ್ಟು. ಆಧುನಿಕ ಹಡಗುಗಳಲ್ಲಿ ಪಳಗಿದ ನಾವಿಕರೂ ಇದನ್ನು ನಡೆಸಲು ಹೊಸದಾಗಿ ಕಲಿಯಬೇಕಾಯಿತು. ಅದೇ ವರ್ಷದ ಡಿಸೆಂಬರ್ ಕೊನೆಗೆ ಪೋರಬಂದರಿನಿಂದ ಹೊರಟು ಜನವರಿಯಲ್ಲಿ ಅದು ಮಸ್ಕತ್ ಮುಟ್ಟಿತು. ಅದರ ಹಾಯಿಯ ಮೇಲಿರುವುದು ಕದಂಬರ ಲಾಂಛನವೆಂದು ಬರೆದ ಗಂಡಭೇರುಂಡ. ನ್ಯಾಮತಿಯ ಮಗ್ಗುಲಿನ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 11ನೇ ಶತಮಾನದ ಕಂಬದ ಮೇಲೆ ನಿಂತಿರುವ ಭೇರುಂಡವನ್ನು ನಮ್ಮ ಮಕ್ಕಳು ಪ್ರವಾಸದಲ್ಲಿ ನೋಡಿಯೇ ಇರುತ್ತಾರೆ.

ಇದನ್ನೆಲ್ಲ ಕಲಿಯಲು ಈಗಿರುವ ದಾರಿಗಳು ಕೆಲವು. ಎನ್‌ಸಿಸಿಯ ನೌಕಾ ವಿಭಾಗದಲ್ಲಿ ವೇಲರ್ ದೋಣಿಗೆ ಹುಟ್ಟು ಹಾಕುವುದು, ಹಾಯಿ ನಡೆಸುವುದು, ಬಾವುಟ ಸಂಕೇತ, ಹಡಗಿನ ಮಾದರಿ ಮಾಡುವುದು ಎಲ್ಲ ಕಲಿಸುತ್ತಾರೆ. ಮಂಗಳೂರು, ಉಡುಪಿಯಲ್ಲಿ ಅದರ ಘಟಕಗಳಿವೆ. ನಮ್ಮ ಕಡೆ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಭೂಸೇನಾ ವಿಭಾಗ. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಯುವಜನರಿಗೆ ಜಲಸಾಹಸ ಶಿಬಿರ ನಡೆಸುತ್ತದೆ. ಎಸ್‌ಎಸ್‌ಎಲ್‌ಸಿ ಮುಗಿಸಿದವರಿಗೆ ವಾಣಿಜ್ಯ ಹಡಗಿನ ಖಲಾಸಿ ಕೆಲಸಕ್ಕೆ ಆರು ತಿಂಗಳ ಜಿಪಿ ರೇಟಿಂಗ್ ತರಬೇತಿ ಇದೆ. ಇದರ ಹೆಸರಲ್ಲಿ ದುಡ್ಡು ಹೊಡೆಯುವ ದಲ್ಲಾಳಿಗಳಿದ್ದಾರೆ. ಆದ್ದರಿಂದ ಹಡಗು ಮಹಾನಿರ್ದೇಶನಾಲಯ ಮಾನ್ಯ ಮಾಡಿದ ಸಂಸ್ಥೆಯೇ ಎಂದು ನೋಡಿಕೊಳ್ಳದೆ ಜಮೀನು ಅಡ ಇಡಬೇಡಿ.

ಆದರೆ ನಾನು ಈ ಕಲಿಕೆಯನ್ನು ಬಯಸುವುದು ಕೆಲಸ ಹುಡುಕುವವರಿಗೆ ಮಾತ್ರವಲ್ಲ, ಎಂಟು ಒಂಬತ್ತನೇ ತರಗತಿಯ ಎಲ್ಲ ಮಕ್ಕಳಿಗೆ. ಆಪ್ಟಿಮಿಸ್ಟ್ ಎಂಬ ಪುಟ್ಟ ಹಾಯಿದೋಣಿ ಇದೆ. ಉದ್ದ 2.3 ಮೀಟರ್, ಒಡಲಿನ ತೂಕ 35 ಕಿಲೋ, ಒಬ್ಬ ಮಗು ನಡೆಸುವಂಥದ್ದು, 15 ವರ್ಷದವರೆಗಿನವರಿಗೆ. 1947ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಅದನ್ನು ರೂಪಿಸಿದಾಗ ಉದ್ದೇಶವಿದ್ದದ್ದೇ ಸಾಮಾನ್ಯ ಮನೆಯವರು ಪ್ಲೈವುಡ್ ತಂದು ತಾವೇ ಕಟ್ಟಿಕೊಳ್ಳಲಿ ಎಂದು. ಚನ್ನಗಿರಿಯ ಬಡಗಿಗಳಿಗೆ ಅದು ದೊಡ್ಡ ಕೆಲಸವಲ್ಲ. ಅಂಥ ಆರು ದೋಣಿ, ಒಂದು ಎಂಜಿನ್ ಇರುವ ರಕ್ಷಣಾ ದೋಣಿ, ತಲೆಗೊಂದು ಲೈಫ್ ಜಾಕೆಟ್, ತರಬೇತಿ ಪಡೆದ ಇಬ್ಬರು ಶಿಕ್ಷಕರು. ಜಿಲ್ಲಾಡಳಿತ ಮನಸ್ಸು ಮಾಡಿದರೆ ಸೂಳೆಕೆರೆಯಲ್ಲಿ ಇಷ್ಟರಿಂದ ಶುರು ಮಾಡಬಹುದು. ಜಗಳೂರು, ನ್ಯಾಮತಿಯ ಮಕ್ಕಳನ್ನು ಬಸ್ಸಿನಲ್ಲಿ ಕರೆತರಬೇಕು. ಮೊದಲು ಈಜು, ಬಟ್ಟೆ ತೊಟ್ಟುಕೊಂಡೇ 50 ಮೀಟರ್ ಈಜಿ, ಹತ್ತು ನಿಮಿಷ ತೇಲಿ ತೋರಿಸಿದವರಿಗೆ ಮಾತ್ರ ಹಾಯಿ. ಹೊಳೆಯ ಪಾಠಕ್ಕೆ ಹೊನ್ನಾಳಿಯ ಹಿರಿಯ ಅಂಬಿಗರನ್ನು ಗೌರವಧನ ಕೊಟ್ಟು ಕರೆಯಬೇಕು, ಅತಿಥಿಗಳಾಗಿ ಅಲ್ಲ, ಗುರುಗಳಾಗಿ. ಕೆರೆಯಲ್ಲಿ ಪಳಗಿದವರಿಗೆ ಕೊನೆಗೆ ಹೊನ್ನಾವರದಿಂದ ಕಾರವಾರದವರೆಗೆ, ದಡ ಕಣ್ಣಿಗೆ ಕಾಣುವಷ್ಟು ದೂರದಲ್ಲಿ, ಒಂದು ವಾರದ ಯಾನ. ಹಗಲು ಕಡಲಲ್ಲಿ, ರಾತ್ರಿ ದಡದಲ್ಲಿ.

ನವೆಂಬರ್ ಇದಕ್ಕೆ ಒಳ್ಳೆಯ ತಿಂಗಳು. ಮಳೆಗಾಲ ಚೆನ್ನಾಗಿದ್ದರೆ ಕೆರೆಯಲ್ಲಿ ನೀರಿರುತ್ತದೆ, ಕಡಲೂ ತಣ್ಣಗಾಗಿರುತ್ತದೆ. ಭತ್ತದ ಕೊಯ್ಲು ಮುಗಿಯದ ಮನೆಗಳ ಮಕ್ಕಳಿಗಾಗಿ ಸಂಕ್ರಾಂತಿ ಕಳೆದ ಮೇಲೆ ಎರಡನೇ ತಂಡ ಹೊರಡಲಿ.